ಫೈರ್‌ಪ್ಲೇಸ್ ಇನ್ಸರ್ಟ್ ತಗೊಳ್ಳೋದು ಹೇಗೆ: ಬೆಂಕಿ ಚೆನ್ನಾಗಿ ಕಾಣ್ಬೇಕು ಅನ್ನೋರಿಗೆ ಪೂರ್ತಿ ಗೈಡ್

ಬಾಸ್ಟನ್ ಸುತ್ತಮುತ್ತ, ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್ ಕಡೆ ಹಳೇ ಮನೆ ತಗೊಂಡಿರೋ ನಮ್ಮವರಿಗೆ ಚಳಿಗಾಲ ಬಂತು ಅಂದ್ರೆ ಒಂದೇ ಗೋಳು. ಲಿವಿಂಗ್ ರೂಮಲ್ಲಿ ಇಟ್ಟಿಗೆ ಫೈರ್‌ಪ್ಲೇಸ್ ಇದೆ, ಸೌದೆ ಹಚ್ಚಿದ್ರೆ ನೋಡೋಕೆ ಚೆಂದ, ಆದ್ರೆ ಮುಂದೆ ಕೂತವರ ಮೊಣಕಾಲು ಮಾತ್ರ ಬಿಸಿ, ಹಿಂದಿನ ಬೆಡ್‌ರೂಮೆಲ್ಲ ಮೊದಲಿಗಿಂತ ತಣ್ಣಗೆ. ಇದರಲ್ಲಿ ಆಶ್ಚರ್ಯ ಏನಿಲ್ಲ. ತೆರೆದ ಫೈರ್‌ಪ್ಲೇಸ್ ನಿಮಿಷಕ್ಕೆ ನೂರಾರು ಕ್ಯೂಬಿಕ್ ಅಡಿ ಗಾಳಿನ ಚಿಮಣಿ ಮೂಲಕ ಹೊರಗೆ ಎಳೀತಾ ಇರತ್ತೆ, ಅಂದ್ರೆ ನೀವು ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿನೇ ಹೋಗ್ತಿರೋದು, ಅದರ ಜಾಗಕ್ಕೆ ಕಿಟಕಿ ಬಾಗಿಲ ಸಂದಿಯಿಂದ ಹೊರಗಿನ ಚಳಿ ಗಾಳಿ ಒಳಗೆ ಬರತ್ತೆ.

ಇನ್ಸರ್ಟ್ ಅಂದ್ರೆ ಆ ಇಟ್ಟಿಗೆ ಗೂಡೊಳಗೇ ಕೂರೋ ಸ್ಟೀಲ್ ಅಥವಾ ಎರಕದ ಕಬ್ಬಿಣದ ಡಬ್ಬಿ, ಮುಂದೆ ಗಾಜಿನ ಬಾಗಿಲು, ಮೇಲಿಂದ ಚಿಮಣಿ ತುದಿವರೆಗೂ ಸ್ಟೇನ್‌ಲೆಸ್ ಸ್ಟೀಲ್ ಪೈಪು, ಅದೇ ಲೈನರ್. ಗಾಳಿ ಎಷ್ಟು ಹೋಗ್ಬೇಕು ಅನ್ನೋದು ನಿಮ್ಮ ಕೈಲಿರತ್ತೆ, ಅದೇ ಸೌದೆ ಎಷ್ಟೋ ಪಟ್ಟು ಶಾಖ ಕೊಡತ್ತೆ.

ಆದ್ರೆ ಈ ಗೈಡು ಬರೀ ಬಿಸಿಗೆ ಅಲ್ಲ, ಬೆಂಕಿ ಕಣ್ತುಂಬ ಕಾಣ್ಬೇಕು ಅನ್ನೋರಿಗೆ. ಇಲ್ಲಿ ಹೆಚ್ಚಿನವರು ಕ್ಯಾಟಲಾಗ್ ತೆಗೆದು ಯಾವುದರ ಗಾಜು ದೊಡ್ಡದು ಅಂತ ನೋಡಿ ಅದನ್ನೇ ಬುಕ್ ಮಾಡ್ತಾರೆ. ನನ್ನ ಪ್ರಕಾರ ಅದು ಉಲ್ಟಾ ಲೆಕ್ಕ. ನಿಮ್ಮ ರೂಮಿಗೆ ಬೇಕಾದ್ದಕ್ಕಿಂತ ದೊಡ್ಡ ಡಬ್ಬಿ ತಗೊಂಡ್ರೆ ಸೆಖೆ ತಡೀಲಾರದೆ ಗಾಳಿ ಮುಚ್ಚಿ ಸಣ್ಣಗೆ ಉರಿಸ್ತೀರ, ಸಣ್ಣಗೆ ಉರಿಸಿದ್ರೆ ಗಾಜು ಕಪ್ಪಾಗತ್ತೆ, ಕಪ್ಪು ಗಾಜು ಎಷ್ಟು ಅಗಲ ಇದ್ರೂ ಅದರಲ್ಲಿ ಏನೂ ಕಾಣಲ್ಲ. ಹದವಾದ ಸೈಜಿನ ಡಬ್ಬೀಲಿ ಒಣ ಸೌದೆ ಜೋರಾಗಿ ಉರಿದ್ರೆ ಅದೇ ಒಳ್ಳೇ ವ್ಯೂ. ಇದನ್ನ ತಲೇಲಿಟ್ಕೊಂಡು ಮುಂದಕ್ಕೆ ಹೋಗೋಣ.

ಹಂತ 1: ನಿಮ್ಮ ಮನೇಲಿರೋದು ಎಂಥ ಫೈರ್‌ಪ್ಲೇಸ್?

ಇದನ್ನ ನೋಡದೆ ಶೋರೂಮಿಗೆ ಕಾಲಿಡಬೇಡಿ. ಎರಡು ಥರ ಇರತ್ತೆ. ಒಂದು ಮೇಸನ್ರಿ, ಅಂದ್ರೆ ನಿಜವಾದ ಇಟ್ಟಿಗೆ ಕಲ್ಲಿಂದ ಕಟ್ಟಿದ್ದು, ಒಳಗೆ ಜೇಡಿಮಣ್ಣಿನ ಟೈಲ್ಸ್ ಹಾಕಿದ ಚಿಮಣಿ. ಇನ್ನೊಂದು ಪ್ರೀಫ್ಯಾಬ್, ಫ್ಯಾಕ್ಟರೀಲಿ ಮಾಡಿದ ತಗಡಿನ ಡಬ್ಬಿನ ಮರದ ಗೋಡೆಯೊಳಗೆ ಕೂರಿಸಿ ಮುಂದೆ ಇಟ್ಟಿಗೆ ಅಂಟಿಸಿರ್ತಾರೆ, ನೋಡೋಕೆ ಥೇಟ್ ಇಟ್ಟಿಗೆದೇ. ಗುರುತು ಹಿಡಿಯೋದು ಸುಲಭ, ಟಾರ್ಚ್ ಹಾಕಿ ಒಳಗೆ ನೋಡಿ, ಪಕ್ಕದ ಗೋಡೆ ಇಟ್ಟಿಗೆ ಥರ ಗೆರೆ ಹಾಕಿದ ಹಲಗೆ ಆಗಿದ್ರೆ, ಬಾಯಿ ಅಂಚಲ್ಲಿ ತಗಡು ಕಂಡ್ರೆ, ಮಾಡೆಲ್ ನಂಬರಿನ ಪ್ಲೇಟ್ ಸಿಕ್ಕಿದ್ರೆ ಅದು ಪ್ರೀಫ್ಯಾಬ್. ಹೊರಗೆ ಹೋಗಿ ಚಾವಣಿ ಮೇಲೂ ನೋಡಿ, ಮರದ ಪೆಟ್ಟಿಗೆಯಿಂದ ದುಂಡು ಲೋಹದ ಪೈಪ್ ಮೇಲೆದ್ದಿದ್ರೆ ಅನುಮಾನನೇ ಬೇಡ.

ಪ್ರೀಫ್ಯಾಬ್ ಆದ್ರೆ ಹೆಚ್ಚಿನ ಇನ್ಸರ್ಟ್ ಕೂರಲ್ಲ, ಕೆಲವು ಇನ್ಸರ್ಟ್ ಕಂಪನಿಗಳು ಇಂತಿಂಥ ಷರತ್ತಲ್ಲಿ ಒಪ್ತಾರೆ, ಆದ್ರೆ ಫೈರ್‌ಪ್ಲೇಸ್ ಮಾಡಿದವರ ಮ್ಯಾನ್ಯುಯಲ್ ಬೇಡ ಅಂದಿದ್ರೆ ಅಲ್ಲಿಗೆ ಮುಗೀತು. ಆಗ ಅದನ್ನ ಪೂರ್ತಿ ಕಿತ್ತು ಹೊಸ ಹೈ ಎಫಿಶಿಯನ್ಸಿ ಫೈರ್‌ಪ್ಲೇಸ್ ಹಾಕೋದೇ ದಾರಿ, ಖರ್ಚಿನ ಲೆಕ್ಕನೇ ಬೇರೆ.

ಮೇಸನ್ರಿ ಆದ್ರೂ ಮೊದಲು ಚಿಮಣಿ ಸ್ವೀಪ್ (ಚಿಮಣಿ ಗುಡಿಸಿ ಪರೀಕ್ಷಿಸೋರು) ಕರೆಸಿ ಕ್ಯಾಮೆರಾ ಬಿಟ್ಟು ನೋಡಿಸಿ. ಟೈಲ್ಸ್ ಒಡೆದಿದ್ಯಾ, ಕ್ರಿಯೊಸೋಟ್ (ಹೊಗೆ ತಣ್ಣಗಾಗಿ ಅಂಟೋ, ಬೆಂಕಿ ಹತ್ತೋ ಡಾಂಬರಿನಂಥ ಮಸಿ) ಎಷ್ಟು ಕಟ್ಟಿದೆ, ಮೇಲಿನ ಕ್ರೌನ್, ಅಂದ್ರೆ ಚಿಮಣಿ ತುದಿಯ ಸಿಮೆಂಟ್ ಹೊದಿಕೆ, ಬಿರುಕು ಬಿಟ್ಟಿದ್ಯಾ ಎಲ್ಲ ಗೊತ್ತಾಗತ್ತೆ. ಅಮೆರಿಕದಲ್ಲಿ ಸಿಎಸ್‌ಐಎ (ಚಿಮಣಿ ಸುರಕ್ಷತಾ ಸಂಸ್ಥೆ) ಸರ್ಟಿಫಿಕೇಟ್ ಇರೋರನ್ನ ಕೇಳಿ, ಕೆನಡಾದಲ್ಲಾದ್ರೆ ವೆಟ್ (WETT) ಸರ್ಟಿಫಿಕೇಟ್ ಇರೋರನ್ನ.

ಹಂತ 2: ಟೇಪ್ ಹಿಡಿರಿ

ಮುಂದಿನ ಅಗಲ, ಮುಂದಿನ ಎತ್ತರ, ಆಳ, ಹಿಂಗೋಡೆ ಅಗಲ. ಈ ನಾಲ್ಕನ್ನ ಎಲ್ಲರೂ ಅಳೀತಾರೆ. ಬಿಟ್ಟು ಹೋಗೋದು ಎರಡು. ಒಂದು, ಮೇಲ್ಭಾಗದ ಆಳ. ಹಳೇ ಫೈರ್‌ಪ್ಲೇಸಿನ ಹಿಂಗೋಡೆ ಮೇಲಕ್ಕೆ ಹೋಗ್ತಾ ಮುಂದಕ್ಕೆ ವಾಲಿರತ್ತೆ, ನೆಲದ ಹತ್ರ 22 ಇಂಚು ಸಿಕ್ಕಿದ್ರೂ ಇನ್ಸರ್ಟಿನ ತಲೆ ಬರೋ ಎತ್ತರದಲ್ಲಿ 14 ಇಂಚು ಮಾತ್ರ ಇರ್ಬಹುದು, ಡಬ್ಬಿ ಕೂರೋದು ಆ 14ರ ಲೆಕ್ಕದಲ್ಲೇ. ಎರಡನೇದು, ಬಾಗಿಲ ಮುಂದೆ ನೆಲದ ಮೇಲಿರೋ ಕಲ್ಲು ಅಥವಾ ಟೈಲ್, ಅದೇ ಹಾರ್ತ್. ಮಾಡೆಲ್ ಪ್ರಕಾರ ಸಾಮಾನ್ಯವಾಗಿ 16ರಿಂದ 18 ಇಂಚು ಕೇಳ್ತಾರೆ, ಎಷ್ಟು ದಪ್ಪ, ಎಷ್ಟು ಶಾಖ ತಡೀಬೇಕು ಅನ್ನೋದೂ ಮ್ಯಾನ್ಯುಯಲಲ್ಲಿ ಇರತ್ತೆ. ಮೇಲೆ ಮರದ ಮ್ಯಾಂಟಲ್ (ಫೈರ್‌ಪ್ಲೇಸ್ ಮೇಲಿನ ಶೆಲ್ಫ್) ಇದ್ರೆ ಅದರ ಎತ್ತರನೂ ಬರ್ಕೊಳ್ಳಿ, ಇಲ್ಲಾಂದ್ರೆ ಕೊನೇಗೆ ಅದೇ ಅಡ್ಡ ಬಂದು ಕೂರತ್ತೆ.

ಎಲ್ಲ ಅಳತೆ ಒಂದು ಹಾಳೇಲಿ ಚಿತ್ರ ಬರೆದು ಹಾಕಿ, ಫೋನಲ್ಲಿ ಫೋಟೋ ಇಟ್ಕೊಳ್ಳಿ, ಡೀಲರ್ ಕೇಳೋ ಮೊದಲ ಪ್ರಶ್ನೆನೇ ಅದು.

ಹಂತ 3: ಡಬ್ಬಿ ಎಷ್ಟು ದೊಡ್ಡದಿರ್ಬೇಕು

ಫೈರ್‌ಬಾಕ್ಸ್ ಗಾತ್ರನ ಕ್ಯೂಬಿಕ್ ಅಡೀಲಿ ಹೇಳ್ತಾರೆ. ಒಂದೂವರೆ ಒಳಗಿದ್ರೆ ಸಣ್ಣದು, ಎರಡರ ಆಸುಪಾಸು ಮಧ್ಯಮ, ಮೂರರ ಹತ್ರ ಇದ್ರೆ ದೊಡ್ಡದು. ರಾತ್ರಿ ಮಲಗೋವಾಗ ತುಂಬಿ ಬೆಳಗ್ಗೆ ಎದ್ದಾಗ ಕೆಂಡ ಇರ್ಬೇಕು, ಇಡೀ ಮನೆ ಇದರಲ್ಲೇ ಬೆಚ್ಚಗಿರ್ಬೇಕು ಅನ್ನೋರಿಗೆ ದೊಡ್ಡದು ಸರಿ. ಸಂಜೆ ಆಫೀಸು ಮುಗಿಸಿ ನಾಲ್ಕೈದು ಗಂಟೆ ಮುಂದೆ ಕೂತ್ಕೊಳ್ಳೋದೇ ಉದ್ದೇಶ ಆದ್ರೆ, ಅದೂ ಬಾಗಿಲು ಮುಚ್ಚಿದ ಸಣ್ಣ ಲಿವಿಂಗ್ ರೂಮಲ್ಲಿ, ಒಂದೂವರೆಯಿಂದ ಎರಡು ಧಾರಾಳ ಸಾಕು. ಬ್ರೋಶರಲ್ಲಿ 2,000 ಚದರ ಅಡಿ ಬಿಸಿ ಮಾಡತ್ತೆ ಅಂತ ಬರೆದಿರೋದನ್ನ ಜಾಸ್ತಿ ನಂಬ್ಬೇಡಿ, ಮನೆ ಇನ್ಸುಲೇಶನ್ ಹೇಗಿದೆ, ಓಪನ್ ಪ್ಲಾನಾ, ಕೋಣೆ ಕೋಣೆ ಬೇರೆನಾ ಅನ್ನೋದರ ಮೇಲೆ ಎಲ್ಲ ಬದಲಾಗತ್ತೆ.

ಒಂದು ಸಣ್ಣ ವಿಷಯ, ಡಬ್ಬಿಗೆ ಎಷ್ಟುದ್ದದ ಸೌದೆ ಹೋಗತ್ತೆ ಕೇಳಿ. ಇಲ್ಲಿ ಮಾರೋ ಸೌದೆ ಸಾಮಾನ್ಯವಾಗಿ 16 ಇಂಚು. ಗರಿಷ್ಠ 16 ಅಂತ ಬರೆದಿದ್ರೆ ಆರಾಮಾಗಿ ಹೋಗೋದು 14 ಅಂತ ತಿಳ್ಕೊಳ್ಳಿ, ಸೌದೆಯೋರು ಅಳತೆ ಪಟ್ಟಿ ಇಟ್ಕೊಂಡು ಕೊಯ್ಯಲ್ಲ.

ಹಂತ 4: ವ್ಯೂ, ಅಸಲಿ ವಿಷಯ

ಮೊದಲನೇದು ಗಾಜಿನ ಅಳತೆ. ಕ್ಯಾಟಲಾಗಲ್ಲಿ ಕೊಡೋ ಗಾಜಿನ ಸೈಜು ಕೆಲವು ಕಡೆ ಪೂರ್ತಿ ಗಾಜಿಂದು, ಅಂಚು ಫ್ರೇಮಿನೊಳಗೆ ಮುಚ್ಚಿರೋದೂ ಸೇರಿ. ಇನ್ನು ಕೆಲವರು ಗಾಜಿನ ಸುತ್ತ ಕಪ್ಪು ಬಣ್ಣದ ಬಾರ್ಡರ್ ಕೊಟ್ಟಿರ್ತಾರೆ, ದೂರದಿಂದ ಟಿವಿ ಥರ ಅಗಲ ಕಾಣತ್ತೆ, ಬೆಂಕಿ ಕಾಣೋ ಜಾಗ ಮಾತ್ರ ಚಿಕ್ಕದು. ಶೋರೂಮಲ್ಲಿ ಟೇಪ್ ತೆಗೆದು ಕಣ್ಣಿಗೆ ಆರುಪಾರು ಕಾಣೋ ಭಾಗನಷ್ಟೇ ಅಳೆದುಬಿಡಿ, ಸಂಕೋಚ ಬೇಡ.

ಎರಡನೇದು ಎತ್ತರ, ಇದನ್ನ ಯಾರೂ ಹೇಳ್ಕೊಡಲ್ಲ. ಇನ್ಸರ್ಟು ನೆಲಮಟ್ಟದಲ್ಲಿ ಕೂರತ್ತೆ, ನೀವು ಸೋಫಾ ಮೇಲೆ ಕೂತ್ರೆ ಕಣ್ಣು ನೆಲದಿಂದ ಹೆಚ್ಚುಕಮ್ಮಿ ಮೂರೂವರೆ ಅಡಿ ಮೇಲಿರತ್ತೆ, ಅಂದ್ರೆ ಬೆಂಕಿನ ಮೇಲಿಂದ ಕೆಳಕ್ಕೆ ನೋಡ್ತೀರ. ಅಗಲ ಜಾಸ್ತಿ ಎತ್ತರ ಕಮ್ಮಿ ಇರೋ ಗಾಜಲ್ಲಿ ಜ್ವಾಲೆಯ ಮೇಲ್ಭಾಗ ಬಾಗಿಲಿನ ಅಂಚಿಗೆ ಕತ್ತರಿಸಿ ಹೋಗತ್ತೆ, ಕಾಣೋದು ಕೆಂಡ ಮತ್ತೆ ಜ್ವಾಲೆಯ ಬುಡ. ಎತ್ತರದ ಗಾಜಿದ್ರೆ ಸೌದೆಯಿಂದ ಎದ್ದು ಮೇಲಿನ ಬ್ಯಾಫಲ್‌ಗೆ (ಡಬ್ಬಿ ಒಳಗಿನ ಮೇಲ್ತಟ್ಟೆಗೆ) ತಾಗಿ ಹರಡೋ ತನಕ ಪೂರ್ತಿ ಕಾಣತ್ತೆ. ಹಾರ್ತ್ ನೆಲದಿಂದ ಒಂದಡಿ ಮೇಲಿದ್ರೆ ಅದೃಷ್ಟವಂತರು ನೀವು. ಶೋರೂಮಲ್ಲಿ ನಿಂತ್ಕೊಂಡು ನೋಡ್ಬೇಡಿ, ಕುರ್ಚಿ ಕೇಳಿ, ನಿಮ್ಮನೆ ಸೋಫಾ ಎಷ್ಟು ದೂರದಲ್ಲಿದ್ಯೋ ಅಷ್ಟೇ ದೂರದಲ್ಲಿ ಹಾಕ್ಕೊಂಡು ಕೂತು ನೋಡಿ.

ಬಾಗಿಲು ಒಂದೇ ಪಾಲಿಂದಾದ್ರೆ ಒಳ್ಳೇದು. ಎರಡು ಪಾಲಿನ ಬಾಗಿಲು ಹಳೇ ಕಾಲದ ಅಂದ ಕೊಡತ್ತೆ ನಿಜ, ಆದ್ರೆ ನಡುವೆ ಕಬ್ಬಿಣದ ಪಟ್ಟಿ ಸರಿಯಾಗಿ ಬೆಂಕಿ ಮಧ್ಯಕ್ಕೇ ಬರತ್ತೆ. ಮುಂದಕ್ಕೆ ಉಬ್ಬಿರೋ ಬೇ ಗಾಜು ಪಕ್ಕದಲ್ಲಿ ಕೂತವರಿಗೂ ಕಾಣ್ಸತ್ತೆ, ಆದ್ರೆ ಪಕ್ಕದ ಪಟ್ಟಿಗಳು ಬೇಗ ಮಸಿ ಹಿಡೀತವೆ.

ಆಮೇಲೆ ಸೌದೆ ಇಡೋ ದಿಕ್ಕು. ಆಳ ಕಮ್ಮಿ ಅಗಲ ಜಾಸ್ತಿ ಇರೋ ಡಬ್ಬೀಲಿ ಸೌದೆನ ಗಾಜಿಗೆ ಸಮಾನಾಂತರವಾಗಿ ಅಡ್ಡ ಇಡ್ಬೇಕು, ಇಲ್ಲಿಯವರು ಪೂರ್ವ-ಪಶ್ಚಿಮ ಅಂತಾರೆ. ಉದ್ದಕ್ಕೆ ಬೆಂಕಿ ಹಬ್ಬಿರೋದು ನೋಡೋಕೆ ಬಹಳ ಚೆಂದ, ಆದ್ರೆ ಅರ್ಧ ಉರಿದ ಕೊರಡು ಉರುಳಿ ಗಾಜಿಗೆ ಒರಗತ್ತೆ, ಅದಕ್ಕೆ ಹೆದರಿ ಡಬ್ಬಿನ ಅರ್ಧ ಮಾತ್ರ ತುಂಬ್ತೀರ. ಆಳ ಇರೋ ಚೌಕದ ಡಬ್ಬೀಲಿ ಸೌದೆಯ ತುದಿ ಗಾಜಿನ ಕಡೆ ಇರೋ ಹಾಗೆ ಇಡ್ಬಹುದು, ಅದು ಉತ್ತರ-ದಕ್ಷಿಣ, ಉರುಳೋ ಭಯ ಇಲ್ಲ, ಜಾಸ್ತಿ ತುಂಬ್ಬಹುದು, ಗಾಳಿ ಸೌದೆ ಸಂದಿಯಲ್ಲಿ ಹಿಂದಿನವರೆಗೂ ಹೋಗತ್ತೆ, ಆದ್ರೆ ಕಾಣೋದು ಕೊಯ್ದ ತುದಿಗಳು. ಎರಡೂ ಥರ ಇಡೋಕಾಗೋ ಚೌಕ ಡಬ್ಬಿ ಸಿಕ್ಕಿದ್ರೆ ನಾನು ಅದಕ್ಕೇ ಓಟು ಹಾಕ್ತೀನಿ, ನೆಂಟರು ಬಂದಾಗ ಅಡ್ಡ, ಮಲಗೋವಾಗ ಉದ್ದ.

ಗಾಜು ಶುಭ್ರವಾಗಿ ಉಳಿಯೋದು ಏರ್‌ವಾಶ್‌ನಿಂದ. ಬಾಗಿಲಿನ ಮೇಲಂಚಿನಿಂದ ಬಿಸಿಯಾದ ಗಾಳಿ ಗಾಜಿನ ಒಳಮೈಗೆ ಅಂಟ್ಕೊಂಡು ಪರದೆ ಹಾಗೆ ಕೆಳಗಿಳಿಯತ್ತೆ, ಹೊಗೆ ಗಾಜಿಗೆ ತಾಗೋಕೆ ಬಿಡಲ್ಲ. ಎಲ್ಲ ಕಂಪನಿಗಳೂ ನಮ್ಮಲ್ಲಿ ಏರ್‌ವಾಶ್ ಇದೆ ಅಂತಾರೆ, ನಿಮ್ಮ ಪ್ರಶ್ನೆ ಬೇರೆ ಇರ್ಲಿ: ಗಾಳಿ ಪೂರ್ತಿ ಕಮ್ಮಿ ಮಾಡಿದಾಗ ಈ ಗಾಜು ಹೇಗಿರತ್ತೆ? ಏರ್‌ವಾಶ್‌ಗೆ ಹೋಗೋ ಗಾಳಿನೂ ಬೆಂಕಿಗೆ ಗಾಳಿ ಬಿಡೋ ಅದೇ ಲಿವರಿನ ಹಿಡಿತದಲ್ಲಿರೋದ್ರಿಂದ ಲಿವರ್ ಮುಚ್ಚಿದಷ್ಟೂ ಪರದೆ ತೆಳ್ಳಗಾಗತ್ತೆ. ಸಾಧ್ಯ ಆದ್ರೆ ನಿಜವಾಗಿ ಉರೀತಿರೋ ಡಿಸ್ಪ್ಲೇ ಇರೋ ಡೀಲರ್ ಹತ್ರ ಹೋಗಿ, ಹಚ್ಚಿ ಎರಡು ಮೂರು ಗಂಟೆ ಆದ್ಮೇಲೆ ಗಾಜಿನ ಕೆಳಗಿನ ಎರಡು ಮೂಲೆ ನೋಡಿ, ಮೊದಲು ಕಪ್ಪಾಗೋದು ಅಲ್ಲೇ.

ಒಳಗಿನ ಗೋಡೆ ಬಣ್ಣನೂ ಗಮನಿಸಿ. ತಿಳಿ ಬಣ್ಣದ ವರ್ಮಿಕ್ಯುಲೈಟ್ (ಶಾಖ ತಡೆಯೋ ಹಗುರ ಖನಿಜ) ಹಲಗೆ ಬೆಳಕನ್ನ ವಾಪಸ್ ಕಳಿಸತ್ತೆ, ಸಣ್ಣ ಬೆಂಕಿನೂ ದೊಡ್ಡದಾಗಿ ಕಾಣತ್ತೆ, ಆದ್ರೆ ಮೆದು, ಸೌದೆ ಎಸೆದ್ರೆ ಮುಕ್ಕಾಗತ್ತೆ. ಫೈರ್‌ಬ್ರಿಕ್ ಮಂಕು ಆದ್ರೆ ಗಟ್ಟಿ.

ಹಂತ 5: ಕ್ಯಾಟಲಿಟಿಕ್ಕಾ, ನಾನ್-ಕ್ಯಾಟಾ, ಹೈಬ್ರಿಡ್ಡಾ

ಇವು ಹೊಗೆನ ಒಳಗೇ ಸುಡೋ ಬೇರೆ ಬೇರೆ ವಿಧಾನ. ನಾನ್-ಕ್ಯಾಟ್‌ನಲ್ಲಿ (ಕ್ಯಾಟಲಿಟಿಕ್ ಅಲ್ಲದ್ದರಲ್ಲಿ) ಡಬ್ಬಿ ಮೇಲ್ಭಾಗದಲ್ಲಿ ತೂತು ಕೊರೆದ ಸ್ಟೀಲ್ ಟ್ಯೂಬುಗಳಿರತ್ತೆ. ಒಳಗೆ ಸುಮಾರು 1,100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ಮೇಲೆ ಆ ತೂತುಗಳಿಂದ ಬರೋ ಬಿಸಿ ಗಾಳಿ ಸಿಕ್ಕಿ ಹೊಗೆನೇ ಹೊತ್ಕೊಳ್ಳತ್ತೆ. ಸೌದೆ ಮೇಲೆ ಜ್ವಾಲೆ ಇರಲ್ಲ, ಒಂದು ಗೇಣು ಮೇಲೆ ಗಾಳೀಲಿ ತೇಲ್ತಾ ಇರೋ ಹಾಗೆ ಕಿತ್ತಳೆ ನೀಲಿ ನಾಲಗೆಗಳು ಟ್ಯೂಬಿನಿಂದ ಕೆಳಕ್ಕೆ ಚಾಚ್ತಾ ನಿಧಾನಕ್ಕೆ ಹೊರಳಾಡ್ತಿರತ್ತೆ. ಒಂದ್ಸಲ ನೋಡಿದ್ರೆ ತೆರೆದ ಫೈರ್‌ಪ್ಲೇಸ್ ಬೆಂಕಿ ಸಪ್ಪೆ ಅನ್ಸತ್ತೆ. ಬರೀ ವ್ಯೂಗೆ ಅಂದ್ರೆ ಇದೇ ಮೊದಲ ಆಯ್ಕೆ.

ಕ್ಯಾಟಲಿಟಿಕ್‌ನಲ್ಲಿ ಜೇನುಗೂಡಿನಂಥ ಕಂಬಸ್ಟರ್ (ಕಮ್ಮಿ ಬಿಸಿಲೇ ಹೊಗೆ ಉರಿಯೋ ಹಾಗೆ ಮಾಡೋ ಭಾಗ) ಇರತ್ತೆ, ಸುಮಾರು 500 ಡಿಗ್ರಿಗೇ ಹೊಗೆ ಉರಿಯೋಕೆ ಶುರು, ಹಾಗಾಗಿ ತೀರಾ ನಿಧಾನವಾಗಿ ಇಡೀ ರಾತ್ರಿ ಉರಿಸ್ಬಹುದು. ಬ್ಲೇಜ್ ಕಿಂಗ್‌ನವರು ಇದಕ್ಕೇ ಹೆಸರುವಾಸಿ, ಥರ್ಮೋಸ್ಟಾಟ್ ಬೇರೆ ಇದೆ. ಆದ್ರೆ ಹಾಗೆ ಉರಿಯೋವಾಗ ಒಳಗೆ ಕಾಣೋದು ಕಪ್ಪು ಗಾಜಿನ ಹಿಂದೆ ಒಂಚೂರು ಕೆಂಪು, ಅಷ್ಟೇ. ಬಿಸಿಗೆ ರಾಜ, ನೋಟಕ್ಕೆ ಅಲ್ಲ. ಕಂಬಸ್ಟರನ್ನ ಕೆಲವು ವರ್ಷಕ್ಕೊಮ್ಮೆ ಬದಲಾಯಿಸೋ ಖರ್ಚೂ ಇದೆ.

ಹೈಬ್ರಿಡ್‌ನಲ್ಲಿ ಟ್ಯೂಬೂ ಇರತ್ತೆ ಕಂಬಸ್ಟರೂ ಇರತ್ತೆ, ವಾಷಿಂಗ್ಟನ್ ರಾಜ್ಯದ ಲೋಪಿ, ಬ್ರಿಟಿಷ್ ಕೊಲಂಬಿಯಾದ ರೀಜೆನ್ಸಿ ಇಂಥವು ಮಾಡ್ತಾರೆ. ಎರಡರ ನಡುವಿನ ರಾಜಿ, ಬೆಲೆ ಸ್ವಲ್ಪ ಮೇಲೆ. ನಾನ್-ಕ್ಯಾಟಲ್ಲಿ ದೊಡ್ಡ ಗಾಜಿಗೆ ಅಂದ್ರೆ ವ್ಯಾಂಕೂವರ್ ದ್ವೀಪದ ಪೆಸಿಫಿಕ್ ಎನರ್ಜಿಯ ನಿಯೋ, ಕ್ವಿಬೆಕ್‌ನ ಎಸ್‌ಬಿಐ ಕಂಪನಿಯ ಆಸ್ಬರ್ನ್ ಮ್ಯಾಟ್ರಿಕ್ಸ್ ನೋಡಿ. ಬ್ರ್ಯಾಂಡಿಗಿಂತ ಹತ್ರದಲ್ಲಿ ಸರ್ವಿಸ್ ಕೊಡೋ ಡೀಲರ್ ಯಾವುದಕ್ಕಿದ್ದಾರೆ ಅನ್ನೋದು ಮುಖ್ಯ.

ಯಾವುದೇ ಆದ್ರೂ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 2020 ಸರ್ಟಿಫೈಡ್ ಅಂತ ಲೇಬಲ್ ಇರ್ಲೇಬೇಕು. 2020ರ ಮೇ 15ರಿಂದ ಹೊಸದಾಗಿ ಮಾರೋದು ಗಂಟೆಗೆ 2 ಗ್ರಾಂ ಹೊಗೆ ಕಣದ ಮಿತಿ ಒಳಗಿರ್ಬೇಕು, ಕಾರ್ಡ್‌ವುಡ್ (ಮನೇಲಿ ಉರಿಸೋ ಥರದ ಸೀಳಿದ ಸೌದೆ) ಹಾಕಿ ಟೆಸ್ಟ್ ಮಾಡಿದ್ರೆ 2.5. ಹಳೇ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗತ್ತೆ ಅಂತ ಆಸೆ ಪಡ್ಬೇಡಿ, ಕೆಲವು ಕಡೆ ಕೂರಿಸೋಕೇ ಪರ್ಮಿಟ್ ಸಿಗಲ್ಲ.

ಹಂತ 6: ಒಳಗೇ ಕೂರೋದಾ, ಮುಂದಕ್ಕೆ ಚಾಚಿರೋದಾ

ಗೋಡೆಗೆ ಸಮ ಕೂರೋ ಫ್ಲಶ್ ಮಾಡೆಲ್ ಅಂದವಾಗಿರತ್ತೆ, ಜಾಗ ತಿನ್ನಲ್ಲ. ಆದ್ರೆ ಮೈಯೆಲ್ಲ ಇಟ್ಟಿಗೆಯೊಳಗೆ ಇರೋದ್ರಿಂದ ಶಾಖ ರೂಮಿಗೆ ಬರೋದು ಬಹುಪಾಲು ಬ್ಲೋವರ್ ಫ್ಯಾನಿಂದ. ನಾರ್'ಈಸ್ಟರ್ ಬಿರುಗಾಳಿ ಬಂದು ಕರೆಂಟ್ ಹೋದಾಗ ಫ್ಯಾನೂ ನಿಲ್ಲತ್ತೆ, ಸರಿಯಾಗಿ ಬೇಕಾದಾಗಲೇ ಅರ್ಧ ಶಾಖ ಹೋಯ್ತು. ಆರೇಳು ಇಂಚು ಮುಂದಕ್ಕೆ ಚಾಚಿರೋ ಮಾಡೆಲ್ ಆದ್ರೆ ಕರೆಂಟಿಲ್ಲದೆಯೂ ಬಿಸಿ ಸೂಸತ್ತೆ, ತಲೆ ಮೇಲೆ ಪಾತ್ರೆ ಇಟ್ಟು ಚಹಾ ಕಾಯಿಸ್ಬಹುದು, ಪಕ್ಕದಿಂದಲೂ ಬೆಂಕಿ ಕಾಣತ್ತೆ. ಮಕ್ಕಳಿರೋ ಮನೆ ಆದ್ರೆ ಯಾವುದಕ್ಕೂ ಸುತ್ತ ಗೇಟ್ ಬೇಕು, ಗಾಜು ಮುಟ್ಟಿದ ಕೂಡ್ಲೇ ಸುಡತ್ತೆ. ಫ್ಯಾನಿನ ಸದ್ದನ್ನೂ ಶೋರೂಮಲ್ಲಿ ಕೇಳಿಸ್ಕೊಳ್ಳಿ, ಹೈ ಸ್ಪೀಡಲ್ಲಿ ಕೆಲವದರ ಮುಂದೆ ಮಾತಾಡೋದೇ ಕಷ್ಟ.

ಹಂತ 7: ಲೈನರ್, ಇನ್ಸ್ಟಲೇಶನ್, ಖರ್ಚು

ಲೈನರ್ ಬೇಡ, ಇನ್ಸರ್ಟಿಂದ ಸ್ವಲ್ಪ ದೂರ ಪೈಪ್ ಬಿಟ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಮಸ್ಕಾರ ಹೇಳಿ ಕಳಿಸಿ. ಇನ್ಸರ್ಟಿನ ಕುತ್ತಿಗೆಯಿಂದ ಚಿಮಣಿ ತುದಿವರೆಗೂ ಸ್ಟೇನ್‌ಲೆಸ್ ಲೈನರ್ ಬೇಕು, ಹೆಚ್ಚಿನದಕ್ಕೆ 6 ಇಂಚು. ಚಿಮಣಿ ಮನೆ ಹೊರಗೋಡೇಲಿದ್ರೆ ಇನ್ಸುಲೇಟ್ ಮಾಡಿದ್ದೇ ಹಾಕಿಸಿ, ಇಲ್ಲಾಂದ್ರೆ ಹೊಗೆ ಮೇಲೆ ಹೋಗೋಷ್ಟರಲ್ಲಿ ತಣ್ಣಗಾಗಿ ಕ್ರಿಯೊಸೋಟ್ ಕಟ್ಟತ್ತೆ, ಎಳೆತ ಕಮ್ಮಿ ಆಗತ್ತೆ, ಎಳೆತ ಕಮ್ಮಿ ಆದ್ರೆ ಗಾಜೂ ಕಪ್ಪು. ಡ್ಯಾಂಪರ್ (ಚಿಮಣಿ ಬುಡದ ಮುಚ್ಚಳ) ಜಾಗದಲ್ಲಿ ಲೈನರ್ ಸುತ್ತ ತಗಡು ಹೊಡೆದು ಮುಚ್ಚೋ ಬ್ಲಾಕ್-ಆಫ್ ಪ್ಲೇಟ್ ಕೇಳಿ ಹಾಕಿಸ್ಕೊಳ್ಳಿ. ಹಲವು ಇನ್ಸ್ಟಾಲರ್‌ಗಳು ಕೇಳದಿದ್ರೆ ಹಾಕಲ್ಲ, ಹಾಕದಿದ್ರೆ ಶಾಖ ಚಿಮಣಿಯೊಳಗೇ ಸೇರ್ಕೊಳ್ಳತ್ತೆ. ಚಿಮಣಿ ಒಟ್ಟು ಎತ್ತರ ಸಾಮಾನ್ಯವಾಗಿ 15 ಅಡಿ ಆದ್ರೂ ಬೇಕು, ತುದಿ ಚಾವಣಿಯಿಂದ 3 ಅಡಿ ಮೇಲೆ, ಸುತ್ತ 10 ಅಡಿ ದೂರದೊಳಗೆ ಏನಿದ್ರೂ ಅದಕ್ಕಿಂತ 2 ಅಡಿ ಎತ್ತರ.

ದುಡ್ಡಿನ ಲೆಕ್ಕದಲ್ಲಿ ಲೈನರ್, ಕೂಲಿ, ಪರ್ಮಿಟ್ ಸೇರಿ ಇನ್ಸರ್ಟಿನ ಬೆಲೆಗೆ ಸಮ ಸಮ ಬಂದ್ರೂ ಗಾಬರಿಯಾಗ್ಬೇಡಿ, ಮೂರು ಕಡೆ ಬರವಣಿಗೇಲಿ ಕೊಟೇಶನ್ ತಗೊಳ್ಳಿ, ಲೈನರ್ ಇನ್ಸುಲೇಶನ್, ಪ್ಲೇಟು ಎಲ್ಲ ಬೇರೆ ಬೇರೆ ಸಾಲಲ್ಲಿ ಬರೆಸಿ. ಶೇಕಡ 30ರಷ್ಟು, 2,000 ಡಾಲರ್‌ವರೆಗೆ ಸಿಗ್ತಿದ್ದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಹಳೇ ಜಾಹೀರಾತು ತೋರಿಸಿದ್ರೆ ಮೋಸ ಹೋಗ್ಬೇಡಿ. ಅಕ್ಟೋಬರಲ್ಲಿ ಹೋದ್ರೆ ಎಲ್ಲ ಬ್ಯುಸಿ. ಏಪ್ರಿಲ್ ಮೇನಲ್ಲಿ ಹೋದ್ರೆ ಡಿಸ್ಪ್ಲೇ ಪೀಸ್ ಕಮ್ಮಿಗೆ ಸಿಕ್ಕಿದ್ರೂ ಸಿಗ್ಬಹುದು.

ಟೌನ್ ಪರ್ಮಿಟ್ ತಗೊಳ್ಳಿ, ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದ್ಯಾ ನೋಡಿ. ಬೇ ಏರಿಯಾದಲ್ಲಿರೋರು ಇನ್ನೊಂದು ಗಮನಿಸಿ, ಸ್ಪೇರ್ ದಿ ಏರ್ ಅಲರ್ಟ್ (ವಾಯುಮಾಲಿನ್ಯದ ಎಚ್ಚರಿಕೆ) ಇದ್ದ ದಿನ ಸೌದೆ ಉರಿಸೋಹಾಗಿಲ್ಲ. ಸಿಯಾಟಲ್ ಕಡೆಯೂ ಬರ್ನ್ ಬ್ಯಾನ್ (ಸೌದೆ ಉರಿಸೋಕೆ ತಾತ್ಕಾಲಿಕ ನಿಷೇಧ) ಬರ್ತಿರತ್ತೆ. ನಿಮ್ಮ ಕೌಂಟಿ ನಿಯಮ ನೋಡದೆ ಅಡ್ವಾನ್ಸ್ ಕೊಡ್ಬೇಡಿ.

ಹಂತ 8: ಸೌದೆ

ಮಲೆನಾಡಲ್ಲಿ ಬಚ್ಚಲ ಹಂಡೆಗೆ ಮಳೆಗಾಲದಲ್ಲಿ ಬೆಂಕಿ ಹಾಕಿದವರಿಗೆ ಹಸಿ ಸೌದೆ ಏನ್ಮಾಡತ್ತೆ ಅಂತ ವಿವರಿಸ್ಬೇಕಾಗಿಲ್ಲ, ಇಲ್ಲೂ ಅದೇ, ಹೊಗೆ ಕಣ್ಣಿಗೆ ಬರೋ ಬದಲು ಗಾಜಿಗೆ ಮೆತ್ಕೊಳ್ಳತ್ತೆ ಅಷ್ಟೇ. ತೇವಾಂಶ ಶೇಕಡ 20ರ ಒಳಗಿರ್ಬೇಕು. ಇಪ್ಪತ್ತು ಮೂವತ್ತು ಡಾಲರಿಗೆ ಮೀಟರ್ ಸಿಗತ್ತೆ, ಕೊರಡನ್ನ ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ ನೋಡಿ, ಹೊರಮೈ ಅಥವಾ ತುದಿಗೆ ಚುಚ್ಚಿದ್ರೆ ಸುಳ್ಳು ಲೆಕ್ಕ ಬರತ್ತೆ. ಮಾರೋರು ಸೀಸನ್ಡ್ (ಒಣಗಿಸಿದ್ದು) ಅನ್ನೋದಕ್ಕೆ ಹೋದ ವಸಂತದಲ್ಲಿ ಕಡಿದಿದ್ದು ಅಂತ ಅರ್ಥ. ಓಕ್‌ಗೆ ಸೀಳಿ ಜೋಡಿಸಿಟ್ಟ ಮೇಲೆ ಎರಡು ವರ್ಷ ಬೇಕು, ಆ್ಯಶ್, ಮೇಪಲ್ ಒಂದು ವರ್ಷಕ್ಕೆ ಆಗತ್ತೆ. ಬರ್ಚ್ ಬೇಗ ಉರಿದು ಹೋದ್ರೂ ಹಳದಿ ಜ್ವಾಲೆ ಬಲು ಚೆಂದ, ಸಂಜೆ ನೋಟಕ್ಕೆ ನನಗೆ ಅದೇ ಇಷ್ಟ. ಒಂದು ಕಾರ್ಡ್ ಅಂದ್ರೆ 128 ಕ್ಯೂಬಿಕ್ ಅಡಿ, 4 ಅಡಿ, 4 ಅಡಿ, 8 ಅಡಿ. ಫೇಸ್ ಕಾರ್ಡ್ ಅಂತ ಕೊಟ್ರೆ 16 ಇಂಚಿನ ಸೌದೇಲಿ ಅದು ಮೂರನೇ ಒಂದು ಭಾಗ ಮಾತ್ರ, ರೇಟ್ ಕೇಳೋ ಮೊದಲು ಯಾವ ಕಾರ್ಡ್ ಅಂತ ಕೇಳಿ.

ಹಂತ 9: ಉರಿಸೋದು, ಗಾಜು ಒರೆಸೋದು

ಮೇಲಿಂದ ಕೆಳಕ್ಕೆ ಹಚ್ಚಿ, ದಪ್ಪದ್ದು ಕೆಳಗೆ, ಅದರ ಮೇಲೆ ಸಣ್ಣದು, ತುದೀಲಿ ಚಕ್ಕೆ, ಬೆಂಕಿ ಮೇಲೆ. ಹೊಗೆ ಕಮ್ಮಿ, ಚಿಮಣಿ ಬೇಗ ಬಿಸಿಯಾಗತ್ತೆ, ಗಾಜು ಮೊದಲ ಅರ್ಧ ಗಂಟೇಲೇ ಮಸಿ ಹಿಡಿಯೋದು ತಪ್ಪತ್ತೆ. ಸೌದೆ ಚೆನ್ನಾಗಿ ಹೊತ್ಕೊಂಡ್ಮೇಲೆ ಗಾಳಿನ ಹಂತ ಹಂತವಾಗಿ ಇಳಿಸಿ, ಒಂದೇ ಸಲ ಮುಚ್ಚಬೇಡಿ. ಸೌದೆ ಗಾಜಿಂದ ಎರಡು ಇಂಚಾದ್ರೂ ದೂರ ಇರ್ಲಿ, ತಾಗಿದ ಜಾಗದಲ್ಲಿ ಕಪ್ಪು ಮಚ್ಚೆ ಗ್ಯಾರಂಟಿ.

ಗಾಜು ತಣ್ಣಗಾದ್ಮೇಲೆ ಒದ್ದೆ ಪೇಪರ್ ಟವೆಲನ್ನ ಒಲೆಯೊಳಗಿನ ನುಣ್ಣನೆ ಬಿಳಿ ಬೂದಿಗೆ ಅದ್ದಿ ಉಜ್ಜಿ, ಎರಡು ನಿಮಿಷದ ಕೆಲಸ. ಬ್ಲೇಡಲ್ಲಿ ಕೆರೀಬೇಡಿ. ಅದು ಸೆರಾಮಿಕ್ ಗಾಜು, ಶಾಖಕ್ಕೆ ಏನೂ ಆಗಲ್ಲ ಆದ್ರೆ ಗೀರು ಬೀಳತ್ತೆ, ಕೊರಡು ಸಿಕ್ಕಿರೋವಾಗ ಬಾಗಿಲು ಒತ್ತಿ ಹಾಕಿದ್ರೆ ಒಡೆಯತ್ತೆ. ಒಂದೇ ಅಂಚು ಯಾವಾಗ್ಲೂ ಕಪ್ಪಾಗ್ತಿದ್ರೆ ಸೌದೇನ ಬೈಯೋಕೆ ಮುಂಚೆ ಬಾಗಿಲ ಗ್ಯಾಸ್ಕೆಟ್, ಅಂದ್ರೆ ಗಾಳಿ ನುಸುಳದ ಹಾಗೆ ಅಂಚಿಗೆ ಹಾಕಿರೋ ಹಗ್ಗ, ನೋಡಿ, ಒಂದು ಡಾಲರ್ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಹಗ್ಗ ಬದಲಾಯಿಸೋ ಟೈಮಾಗಿದೆ.

ಹೊಸದು ಕೂರಿಸಿದ ಮೇಲೆ ಮೊದಲ ಎರಡು ಮೂರು ಸಲ ಪೇಂಟ್ ಬೇಯೋ ವಾಸನೆ, ತೆಳ್ಳನೆ ಹೊಗೆ ಬಂದೇ ಬರತ್ತೆ. ಸಣ್ಣ ಬೆಂಕಿಯಿಂದ ಶುರು ಮಾಡಿ ಪ್ರತಿ ಸಲ ಸ್ವಲ್ಪ ಜಾಸ್ತಿ ಮಾಡಿ, ಕಿಟಕಿ ತೆಗೆದಿಡಿ, ಗೃಹಪ್ರವೇಶದ ಊಟದ ದಿನವೇ ಮೊದಲ ಸಲ ಹಚ್ಚೋಕೆ ಹೋಗ್ಬೇಡಿ.